ಎರಡನೆಯ ಗೋದಾವರಿ

ಎದುರುಮನೆಯ ವೈನಿಯ ಎಡಗೈಯಲ್ಲಿ, ಮೊಣಕೈಯ ಸ್ವಲ್ಪ ಕೆಳಗೆ, ಒಳಮಗ್ಗುಲಿಗೆ, ಹಚ್ಚೆ ಚುಚ್ಚಿದ ಒಂದು ಸಾಲು ಕನ್ನಡ ಅಕ್ಷರಗಳಿದ್ದವು. ಹಸಿರು ಬಣ್ಣ ಚರ್ಮದೊಳಗೆ ಹರಡಿ ಅಂಚುಗಳು ಮಸುಕಾಗಿದ್ದವು. ಅವು ಯಾರ ಕಣ್ಣಿಗೂ ಸುಲಭಕ್ಕೆ ಬೀಳುತ್ತಿರಲಿಲ್ಲ. ಅತ್ತೆಯ ಅಪ್ಪಣೆಯಂತೆ ವೈನಿಯ ಕುಪ್ಪಸದ ತೋಳು ಮೊಣಕೈ ದಾಟಿ ನಾಲ್ಕು ಬೆರಳು ಕೆಳಗಿಳಿಯುತ್ತಿತ್ತು. ನಾಗಪುರದ ಬೇಸಿಗೆಯಲ್ಲಿ ನಾವೆಲ್ಲ ಲಾವಂಚದ ತಟ್ಟಿಗೆ ನೀರು ಚಿಮುಕಿಸುತ್ತ, ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ ಉಸ್ಸೆನ್ನುವಾಗಲೂ ಅವರು ಆ ಉದ್ದ ತೋಳಿನೊಳಗೇ ಬೇಯುತ್ತಿದ್ದರು.

ಮಹಾಲ್ ಪೇಟೆಯ, ಹಲವು ಬಿಡಾರಗಳ ಆ ವಾಡೆಗೆ ನಾನು ಹೊಸ ಹೆಂಡತಿಯಾಗಿ ಬಂದಾಗ ನಮ್ಮ ಧಾರವಾಡ ಇನ್ನೂ ಮುಂಬಯಿ ರಾಜ್ಯದಲ್ಲಿತ್ತು. ನಮ್ಮವರಿಗೆ ಸರ್ಕಾರಿ ಲೆಕ್ಕಪತ್ರದ ಕಚೇರಿಯಲ್ಲಿ ಗುಮಾಸ್ತಿಕೆ. ವಾಡೆಯಲ್ಲಿ ಎಲ್ಲರೂ ಮರಾಠಿಯವರು. ಕನ್ನಡದ ಮನೆ ಎಂದರೆ ಎದುರಿನ ರಾಯರದೊಂದೇ. ರಾಯರು ತಾರಿನ ಆಫೀಸಿನಲ್ಲಿದ್ದರು. ಅವರ ಅಜ್ಜನ ಕಾಲಕ್ಕೇ ನಾಗಪುರಕ್ಕೆ ಬಂದ ಮನೆತನ. ಮಾತು ಕನ್ನಡವೇ, ಅದರಲ್ಲಿ ಅರ್ಧ ಮರಾಠಿ. ಓದಲು ಬರೆಯಲು ಮಾತ್ರ ಮರಾಠಿಯ ಬಾಳಬೋಧ ಲಿಪಿಯೊಂದೇ ಗೊತ್ತು. ಆ ಮನೆಯಲ್ಲಿ ಮೂರೇ ಜನ: ರಾಯರು, ಅವರ ತಾಯಿ, ಅಣ್ಣನ ಹೆಂಡತಿಯಂತೆ ನಾನು ವೈನಿ ಎಂದು ಕರೆದ ಅವರ ಹೆಂಡತಿ. ಮಕ್ಕಳಿರಲಿಲ್ಲ. ರಾಯರ ತಾಯಿಯನ್ನು ವಾಡೆಗೆ ವಾಡೆಯೇ ಅಜ್ಜಿ ಎನ್ನುತ್ತಿತ್ತು, ನಾನೂ ಹಾಗೇ ಕರೆದೆ.

ನಾನು ಬಂದ ಮೊದಲ ವಾರವೇ ವೈನಿ ಒಂದು ಹಿತ್ತಾಳೆಯ ಪಾತೇಲಿಯಲ್ಲಿ ಪುಂಡಿಪಲ್ಯ ತಂದುಕೊಟ್ಟರು. ಪರವೂರಲ್ಲಿ ಪುಂಡಿಪಲ್ಯದ ಹುಳಿ ನಾಲಿಗೆಗೆ ಹತ್ತಿದ ಕೂಡಲೇ ನನಗೆ ಅಳುವೇ ಬಂತು. "ಇಲ್ಲೆ ಇದಕ್ಕ ಅಂಬಾಡಿ ಅಂತಾರ. ಹೆಸರು ಬ್ಯಾರೆ ಆದ್ರೂ ಹುಳಿ ಅದs," ಎಂದು ಅವರು ನಕ್ಕರು. ಪಾತ್ರೆ ತಿರುಗಿ ಕೊಡುವಾಗ ಅಂಚಿನಲ್ಲಿ ಕೆತ್ತಿದ ಹೆಸರು ನೋಡಿದೆ, "ಸೌ. ಗೋದಾವರಿ". ವಾಡೆಯ ಹೆಂಗಸರು ಅವರನ್ನು ಕರೆಯುತ್ತಿದ್ದುದೂ ಗೋದಾವಹಿನಿ ಎಂದೇ. "ಪಲ್ಯ ಭಾಳ ರುಚಿ ಆಗಿತ್ರಿ, ಗೋದಾವರಿ ವೈನಿ," ಎಂದೆ.

"ಯಾರಿಗೆ ಹೇಳ್ತಿ ತಂಗಿ? ನನಗೋ, ಅಕೀಗೋ?" ಎಂದರು ವೈನಿ.

ಇದು ಅವರ ಬಾಯಲ್ಲಿ ಯಾವಾಗಲೂ ಇರುವ ಮಾತು. ಯಾರು ಏನು ಹೊಗಳಲಿ, ಬಯ್ಯಲಿ, ನಗುತ್ತಲೇ ಹೀಗೆ ಕೇಳುವರು. ಮರಾಠಿ ಹೆಂಗಸರಿಗೆ ಅದು ಅರ್ಥವಾಗದೆ ಅವರೂ ನಗುವರು. ನನಗೂ ಆಗ ಅರ್ಥವಾಗಲಿಲ್ಲ. ಈ ಹೆಣ್ಣುಮಗಳಿಗೆ ಸ್ವಲ್ಪ ತಲೆ ಸರಿಯಿಲ್ಲವೇನೋ ಎಂದು ನಮ್ಮವರ ಮುಂದೆ ಆಡಿಕೊಂಡೆ ಕೂಡ.

ತಿಳಿದದ್ದು ನಳದ ಕಟ್ಟೆಯ ಮೇಲೆ. ವಾಡೆಯ ನಡುಚೌಕದಲ್ಲಿ ಎಲ್ಲರಿಗೂ ಸೇರಿ ಒಂದೇ ನಳ. ಮಧ್ಯಾಹ್ನ ಉಳಿದವರು ಮಲಗಿದ ಮೇಲೆ ನಾವಿಬ್ಬರೂ ಪಾತ್ರೆ ತಿಕ್ಕಲು ಕೂಡುತ್ತಿದ್ದೆವು. ಒಂದು ದಿನ ದೊಡ್ಡ ಹಂಡೆ ತಿಕ್ಕಲೆಂದು ವೈನಿ ತೋಳು ಮೇಲಕ್ಕೆ ಸರಿಸಿದರು. ಹಸಿರು ಅಕ್ಷರಗಳು ಕಂಡವು. ತವರು ಬಿಟ್ಟು ಬಂದ ಮೇಲೆ ಕನ್ನಡದ ಅಕ್ಷರ ಕಂಡರೆ ಸಾಕು, ಪೊಟ್ಟಣದ ಕಾಗದವಾದರೂ ಬಿಡಿಸಿ ಓದುವ ಚಟ ನನಗೆ. ಗಟ್ಟಿಯಾಗಿಯೇ ಓದಿದೆ.

"ಬನಶಂಕರಿ. ಯಾರ್ರಿ ವೈನಿ, ಬನಶಂಕರಿ ಅಂದ್ರ?"

ಅವರ ಕೈ ನಿಂತುಹೋಯಿತು. ಅಜ್ಜಿಯ ಬಾಗಿಲ ಕಡೆ ನೋಡಿದರು, ತೋಳು ಎಳೆದುಕೊಂಡರು. ಆಮೇಲೆ ನನ್ನ ಕಡೆ ನೋಡಿದರೆ ಕಣ್ಣು ತುಂಬಿದ್ದವು.

"ನಾನs," ಎಂದರು. "ಇನ್ನೊಮ್ಮೆ ಓದು."

ಅವತ್ತು ಪಾತ್ರೆಗಳು ಬಿಸಿಲಿಗೆ ಒಣಗಿದವು. ನಾವು ಏಳಲಿಲ್ಲ.

ವೈನಿಯದು ಬಾದಾಮಿ ಕಡೆಯ ಹಳ್ಳಿ. ಹುಟ್ಟಿದ್ದು ಬನದ ಹುಣ್ಣಿಮೆಯ ದಿನ. ಅದು ಬನಶಂಕರಿಯ ಹಬ್ಬ. ಮಳೆ ಹೋಗಿ, ಬೆಳೆ ಹೋಗಿ, ಜನ ಹಸಿದು ಕೂತಾಗ ಆ ತಾಯಿ ತನ್ನ ಮೈಯಿಂದಲೇ ಕಾಯಿಪಲ್ಯ ಬೆಳೆದು ಉಣ್ಣಲು ಕೊಟ್ಟಳೆಂದು ಆ ಕಡೆ ಹೇಳುತ್ತಾರೆ. ಅದಕ್ಕೇ ಆ ದಿನ ಮನೆಮನೆಯಲ್ಲಿ ಸಿಕ್ಕ ಸಿಕ್ಕ ಪಲ್ಯಗಳನ್ನೆಲ್ಲ ಮಾಡಿ ದೇವಿಗೆ ಎಡೆ ಹಿಡಿಯುತ್ತಾರೆ. ವೈನಿಯ ಅವ್ವನಿಗೆ ಒಲೆಯ ಮುಂದೆ ಪಲ್ಯಕ್ಕೆ ಒಗ್ಗರಣೆ ಹಾಕುವಾಗಲೇ ಬೇನೆ ಬಂತಂತೆ. "ನನ್ನ ಹೆಸರು ತಗದ್ರ ಸಾಕು, ಅವ್ವಗ ಒಗ್ಗರಣಿ ವಾಸನಿ ಬರ್ತಿತ್ತಂತ. ಬನೂ, ಬನಕ್ಕಾ ಅಂತ ಊರೆಲ್ಲಾ ಕರೀತಿದ್ರು. ಬರಗಾಲದಾಗ ಹುಟ್ಟಿದಾಕಿ ಅಲ್ಲ, ಬರಗಾಲಾ ಕಳದಾಕಿ ಹೆಸರಿನಾಕಿ ಅಂತ ಅಪ್ಪ ಹೇಳ್ತಿದ್ದ." ಊರಿಗೆ ಹಚ್ಚೆಯವಳು ಬಂದಾಗ ಅಪ್ಪನೇ ಕೂಡ್ರಿಸಿ ಹೆಸರು ಚುಚ್ಚಿಸಿದ್ದನಂತೆ. ಅಕ್ಷರ ಬರೆದುಕೊಟ್ಟವನೂ ಅವನೇ. ಈಗ ಅವ್ವನೂ ಇರಲಿಲ್ಲ, ಅಪ್ಪನೂ ಇರಲಿಲ್ಲ.

ಗೋದಾವರಿ ರಾಯರ ಮೊದಲ ಹೆಂಡತಿ. ಹೆರಿಗೆಯಲ್ಲಿ ತಾಯಿ ಕೂಸು ಇಬ್ಬರೂ ಹೋದರು. ವರ್ಷದೊಳಗೆ ವೈನಿಯನ್ನು ತಂದರು. ಮದುವೆಯಲ್ಲಿ ನಮ್ಮ ಕಡೆ ಸೊಸೆಗೆ ಹೊಸ ಹೆಸರಿಡುವ ಪದ್ಧತಿಯಿದೆ. ತಟ್ಟೆಯಲ್ಲಿ ಅಕ್ಕಿ ಹರಡಿ ಗಂಡ ಬಂಗಾರದ ಉಂಗುರದಿಂದ ಹೆಸರು ಬರೆಯುತ್ತಾನೆ. ನನಗೂ ಬರೆದಿದ್ದರು. ಹೊಸ ಸೀರೆಯೊಂದಿಗೆ ಹೊಸ ಹೆಸರೂ ಬಂತೆಂದು ನಾನು ಹಿಗ್ಗಿದ್ದೆ, ಸುಳ್ಳು ಏಕೆ ಹೇಳಲಿ. ಆದರೆ ರಾಯರು ಅಕ್ಕಿಯಲ್ಲಿ ಬರೆದದ್ದು ಗೋದಾವರಿ ಎಂದು. ಅಜ್ಜಿ ಹಾಗೆ ಬರೆಸಿದ್ದರು. ಸತ್ತವಳ ಮನಸ್ಸು ಈ ಮನೆಯಲ್ಲೇ ಸುತ್ತುತ್ತಿರುತ್ತದೆ, ಬಂದವಳಿಗೆ ಅವಳ ಹೆಸರಿಟ್ಟರೆ ಅವಳಿಗೆ ಸಿಟ್ಟು ಬರುವುದಿಲ್ಲ, ತಾನೇ ಬದುಕುತ್ತಿದ್ದೇನೆಂದು ತಿಳಿದು ಸುಮ್ಮನಾಗುತ್ತಾಳೆ ಎಂದು ಅಜ್ಜಿಯ ನಂಬಿಕೆ. ಪಾತ್ರೆಗಳ ಮೇಲಿನ ಹೆಸರೂ ಉಳಿಯಿತು. ಅಜ್ಜಿ ಕೆಟ್ಟವರಲ್ಲ, ಇದನ್ನು ನಾನು ಇವತ್ತಿಗೂ ಹೇಳುತ್ತೇನೆ. ಸೊಸೆಯನ್ನು ಒಂದು ದಿನವೂ ಹಸಿದಿರಲು ಬಿಟ್ಟವರಲ್ಲ. ಹಾಗಾಗಿಯೇ ಯಾರ ಮೇಲೆ ಸಿಟ್ಟು ಮಾಡಬೇಕೆಂದು ನನಗೆ ತಿಳಿಯುತ್ತಿರಲಿಲ್ಲ, ಸಿಟ್ಟು ಮಾತ್ರ ಬರುತ್ತಿತ್ತು.

"ರಾಯರು ಏನಂತ ಕರೀತಾರ್ರಿ?" ಎಂದು ಕೇಳಿದೆ.

"ಅವರ ಬಾಯಾಗ ಆ ಹೆಸರು ಬರಂಗಿಲ್ಲ ನೋಡು. ಅಕೀನ್ನ ಅಷ್ಟು ಹಚಿಗೊಂಡಿದ್ರು. ಅಕೀ ಹೆಸರಿಲೆ ನನ್ನ ಕರೀಲಿಕ್ಕೆ ಮನಸ್ಸು ಬರಂಗಿಲ್ಲ. ನನ್ನ ಹೆಸರಿಲೆ ಕರೀಲಿಕ್ಕೆ ಅವರ ಅವ್ವನ ಅಂಜಿಕಿ. ಹಿಂಗಾಗಿ, 'ಏ, ಕೇಳಿಲ್ಲೆ' ಅಂತಾರ, ಒಮ್ಮೊಮ್ಮೆ ಕೆಮ್ಮತಾರ." ವೈನಿ ನಕ್ಕರು. "ವರ್ಷಕ್ಕ ಒಮ್ಮೆ ಮಾತ್ರ ಹೆಸರು ತಗೀತಾರ. ಪಕ್ಷಮಾಸ ಬರಲಿ, ನೀನs ಕೇಳ್ತಿ."

ಪಿತೃಗಳಿಗೆ ಎಡೆ ಇಡುವ ಪಕ್ಷಮಾಸದಲ್ಲಿ ಅವಿಧವಾ ನವಮಿ ಬರುತ್ತದೆ. ಗಂಡ ಇರುವಾಗಲೇ ಮುತ್ತೈದೆಯಾಗಿ ತೀರಿಕೊಂಡವರ ದಿನ ಅದು. ಗಂಡ ಪಿಂಡ ಇಟ್ಟು ಎಳ್ಳು ನೀರು ಬಿಡುತ್ತಾನೆ, ಸತ್ತವಳ ಜಾಗದಲ್ಲಿ ಒಬ್ಬ ಮುತ್ತೈದೆಯನ್ನು ಕೂಡ್ರಿಸಿ ಉಣಿಸುತ್ತಾರೆ. ಆ ವರ್ಷ ಮುತ್ತೈದೆಯಾಗಿ ಕರೆದದ್ದು ನನ್ನನ್ನು. ಅಜ್ಜಿಯೇ ಬಂದು ಕುಂಕುಮ ಹಚ್ಚಿ ಹೇಳಿದಾಗ ಒಲ್ಲೆನೆನ್ನಲಾಗಲಿಲ್ಲ.

ಪಡಸಾಲೆಯಲ್ಲಿ ರಾಯರು ಕೂತಿದ್ದರು. ಭಟ್ಟರು ಹೇಳಿಕೊಟ್ಟಂತೆ ಗೋತ್ರ ಹೇಳಿ, ಗೋದಾವರಿ ಎಂದು ಸ್ಪಷ್ಟವಾಗಿ ಹೆಸರು ಹೇಳಿ ನೀರು ಬಿಟ್ಟರು. ಒಳಗೆ ಅದೇ ಹೆಸರಿನವರು ಒದ್ದೆ ಸೀರೆಯಲ್ಲಿ ವಡೆ ಕರಿಯುತ್ತಿದ್ದರು. ಪ್ರತಿ ಸಲ ಹೆಸರು ಕೇಳಿದಾಗ ವಡೆ ಎತ್ತುವ ಝಾರಾದ ಸಪ್ಪಳ ಒಂದು ಗಳಿಗೆ ನಿಲ್ಲುವುದು ನನಗೆ ಕೇಳುತ್ತಿತ್ತು. ಆಮೇಲೆ ನನ್ನನ್ನು ಮಣೆಯ ಮೇಲೆ ಕೂಡ್ರಿಸಿದರು. "ಈಗ ಇವರೇ ಗೋದಾವರಿಬಾಯಿ ಅಂತ ತಿಳೀಬೇಕು," ಎಂದರು ಭಟ್ಟರು. ವೈನಿ ಬಂದು ನನ್ನ ಕಾಲಿಗೆ ಅರಿಷಿಣ ಹಚ್ಚಿದರು. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು. ನಾನು ಕಾಲು ಹಿಂದಕ್ಕೆ ಎಳೆದುಕೊಂಡರೆ ಅವರು ಗಟ್ಟಿಯಾಗಿ ಹಿಡಿದು, ನನಗಷ್ಟೇ ಕೇಳುವಂತೆ, "ಸುಮ್ಮ ಕೂಡು ತಂಗಿ. ಇವತ್ತ ನೀನೂ ಗೋದಾವರಿ, ನಾನೂ ಗೋದಾವರಿ, ಅಕೀನೂ ಗೋದಾವರಿ. ಬನಶಂಕರಿ ಬಡಿಸ್ತಾಳ, ಉಣ್ಣು," ಎಂದರು. ನಾನು ಅನ್ನ ಕಲಸುತ್ತ ಕೂತೆ. ಅವರು ಮಾತ್ರ ನಗುತ್ತ ಮತ್ತೆ ಮತ್ತೆ ಬಡಿಸಿದರು.

ವೈನಿಗೆ ಹಸಿರು ಎಂದರೆ ಜೀವ. ಚೌಕದ ಮೂಲೆಯಲ್ಲಿ ಒಡೆದ ಹಂಡೆ, ಸೀಮೆಎಣ್ಣೆಯ ಡಬ್ಬಿಗಳಲ್ಲಿ ಮಣ್ಣು ತುಂಬಿ ಮೆಂತ್ಯ, ರಾಜಗಿರಿ, ಪುಂಡಿ ಬೆಳೆಯುತ್ತಿದ್ದರು. ಯಾರ ಮನೆಯಲ್ಲಿ ಹೆರಿಗೆಯಾದರೂ, ಜ್ವರವಾದರೂ, ಒಂದು ಹಿಡಿ ಸೊಪ್ಪು ಕಿತ್ತುಕೊಂಡು ಹೋಗುವರು. ಮೂಲಂಗಿಯ ಎಲೆ ಬಿಸಾಡಿದರೆ ನನ್ನನ್ನು ಚೆನ್ನಾಗಿ ಬಯ್ಯುವರು. ಬನದ ಹುಣ್ಣಿಮೆಗೆ ಮನೆಯಲ್ಲಿ ವಿಶೇಷವೇನೂ ಇಲ್ಲ, ಅತ್ತೆಯ ಮನೆದೇವರು ಬೇರೆ. ಆದರೂ ಆ ದಿನ ಹೇಗೋ ಮಾಡಿ ಏಳೆಂಟು ಪಲ್ಯ ಆಗಿಯೇ ಆಗುತ್ತಿತ್ತು. ಅಜ್ಜಿ, "ಇವತ್ತೇನು ಇಷ್ಟೊಂದು ಭಾಜಿ?" ಎಂದರೆ, "ಬಾಜಾರದಾಗ ಸ್ವಸ್ತ ಇತ್ರಿ," ಎಂದು ಅಗ್ಗದ ನೆವ ಹೇಳುವರು. ಆಮೇಲೆ ನನ್ನ ಮನೆಗೆ ಪಾತೇಲಿ ತರುವರು. ನಾನು ಬಾಗಿಲು ಮುಚ್ಚಿ, "ಬನಕ್ಕಾ, ಬರ್ರಿ, ಕೂಡ್ರಿ," ಎನ್ನುತ್ತಿದ್ದೆ. ಅಷ್ಟೇ ನಾನು ಮಾಡಲು ಆಗುತ್ತಿದ್ದುದು. ಹೊರಗೆ ಬಂದ ಕೂಡಲೇ ಮತ್ತೆ ವೈನಿ.

ಕಚೇರಿಗಳೆಲ್ಲ ಭೋಪಾಲಕ್ಕೆ ಹೊರಡುವವೆಂದು ಊರಲ್ಲಿ ಗುಲ್ಲಿದ್ದ ವರ್ಷ ವೈನಿಗೆ ಕಾಮಾಲೆ ಆಯಿತು. ಬೇಸಿಗೆಯ ಕೊನೆಗೆ ಕಣ್ಣು ಹಳದಿಯಾದವು, ಮಳೆ ಹಿಡಿಯುವ ಹೊತ್ತಿಗೆ ಹಾಸಿಗೆ ಹಿಡಿದರು. ವೈದ್ಯರೂ ಆದರು, ಡಾಕ್ಟರರೂ ಆದರು. ರಾಯರು ರಜೆ ಹಾಕಿ ಪಕ್ಕದಲ್ಲೇ ಕೂತಿರುತ್ತಿದ್ದರು, ಕಬ್ಬಿನ ರಸ ಕುಡಿಸುತ್ತಿದ್ದರು, ಮಾತು ಮಾತ್ರ ಇಲ್ಲ. ಒಂದು ಮಧ್ಯಾಹ್ನ ವೈನಿ ನನ್ನ ಕೈ ಹಿಡಿದು ಹತ್ತಿರ ಎಳೆದುಕೊಂಡರು.

"ನಿಮ್ಮವರಿಗೆ ಒಂದು ಮಾತು ಹೇಳತೀ? ಅವರು ಓದಿದ ಮಂದಿ, ನಾಲ್ಕು ಮಂದ್ಯಾಗ ಮಾತಾಡ್ತಾರ."

"ಏನ್ರಿ?"

"ನಾ ಹೋದ ಮ್ಯಾಲೆ ಪಿಂಡಾ ನನ್ನ ಹೆಸರಿಗೆ ಇಡಸ್ರಿ ಅಂತ ಹೇಳು. ಬದುಕಿದ್ದಾಗ ಹೆಂಗೋ ಆತು, ಕರದ್ರ ಓ ಅಂದೆ. ಅಲ್ಲೆ ಹೋದ ಮ್ಯಾಲೆ ಗೋದಾವರಿ ಅಂತ ಕರದು ನೀರು ಬಿಟ್ರ ಅಕೀನ ಬರತಾಳ. ಅಕೀದೇನು ತಪ್ಪಿಲ್ಲ ಪಾಪ. ಕರದ್ರು, ಬಂದ್ಲು, ಉಂಡ್ಲು. ನಾ ಎಲ್ಲೆ ನಿಂದ್ರಲಿ?"

ಸಾಯುವ ಮಾತು ಆಡಬ್ಯಾಡ್ರಿ ಎಂದು ಗದರಿದೆ. ಅವರು ಕೈ ಬಿಡಲಿಲ್ಲ, ನಾನು ಹೂಂ ಎನ್ನುವ ತನಕ ಬಿಡಲಿಲ್ಲ.

ನಮ್ಮವರು ಅಜ್ಜಿಯ ಹತ್ತಿರ ಹೋದರು, ನಾನೂ ಹಿಂದೆ ನಿಂತೆ. ಪಿಂಡದ ಮಾತು ಎತ್ತಲಾಗದೆ, ಈಗಲೇ ಅವರ ತವರಿನ ಹೆಸರಿನಿಂದ ಕರೆದರೆ ಅವರ ಜೀವಕ್ಕೊಂದು ಸಮಾಧಾನ, ಎಂದು ನಯವಾಗಿ ಹೇಳಿದರು. ಅಜ್ಜಿ ಗೊಳೋ ಎಂದು ಅತ್ತುಬಿಟ್ಟರು. "ಮೊದಲಿನಾಕಿ ನನ್ನ ತೊಡೀ ಮ್ಯಾಲೆ ಹೋದ್ಲಪಾ. ನನ್ನ ಮರೀಬ್ಯಾಡ್ರಿ ಅತ್ಯಾ ಅಂದ್ಲು. ಮರೀಬಾರದಂತ ಹೆಸರು ಇಟಗೊಂಡೆ. ಈಗ ಇಕಿ ಹಿಂಗ ಬಿದ್ದಾಗ ಆ ಹೆಸರು ತಗದ್ರ ಆಕಿ ಸುಮ್ಮನಿರತಾಳೇನು? ಇದ್ದ ಒಂದು ಜೀವಾನೂ ಒಯ್ದ್ರ ನಾ ಏನು ಮಾಡ್ಲಿ?" ಸೊಸೆಯನ್ನು ಉಳಿಸಿಕೊಳ್ಳಲೆಂದೇ ಆ ಮುದುಕಿ ಹಟ ಹಿಡಿದಿತ್ತು. ಅದರ ಎದುರು ಏನು ವಾದ ಮಾಡುವುದು? ನಮ್ಮವರು ಟೋಪಿ ತಿರುಗಿಸುತ್ತ ನಿಂತು, ಹಾಗೇ ಹೊರಗೆ ಬಂದರು.

ಶ್ರಾವಣದಲ್ಲಿ ವೈನಿ ಹೋದರು. ಎಚ್ಚರ ತಪ್ಪಿದ ಮೇಲೆ ಅಜ್ಜಿ ಒಂದು ಕಿವಿಯಲ್ಲಿ, "ಗೋದೂ, ಗೋದೂ," ಎಂದು ಕೂಗುತ್ತಿದ್ದರು. ನಾನು ಇನ್ನೊಂದು ಪಕ್ಕದಲ್ಲಿದ್ದೆ. ಯಾರೇನು ತಿಳಿದುಕೊಂಡರೂ ಆಗಲೆಂದು ಬಗ್ಗಿ, "ಬನಕ್ಕಾ," ಎಂದೆ. ಕಣ್ಣು ತೆರೆದರು ಎಂದು ಬರೆದರೆ ಸುಳ್ಳಾಗುತ್ತದೆ. ಎರಡೂ ಹೆಸರಿಗೆ ಅವರು ಓ ಎನ್ನಲಿಲ್ಲ. ಮೈ ತೊಳೆಯುವಾಗ ತೋಳು ಸರಿಸಿದರು, ಹಚ್ಚೆ ಮಾತ್ರ ಹಳದಿ ಚರ್ಮದ ಮೇಲೆ ಹಸಿರಾಗಿಯೇ ಇತ್ತು. ವಾಡೆಯ ಹಿರಿಯ ಹೆಂಗಸೊಬ್ಬಳು, "ಇದೇನು ಬರೆದದ್ದು, ದೇವರ ಹೆಸರೇ?" ಎಂದು ಮರಾಠಿಯಲ್ಲಿ ಕೇಳಿದಳು. ಹೌದೆಂದೆ.

ಹತ್ತನೆಯ ದಿನ ಗಂಡಸರೆಲ್ಲ ಹೊಳೆಯ ದಂಡೆಗೆ ಹೋದರು. ನಾನು ಬಾಗಿಲಲ್ಲೇ ಕಾಯುತ್ತ ಕೂತಿದ್ದೆ. ನಮ್ಮವರು ಹೊತ್ತು ಇಳಿದ ಮೇಲೆ ಬಂದು, ಬಚ್ಚಲಿಗೂ ಹೋಗದೆ ಚೌಕದಲ್ಲೇ ಕುಸಿದು ಕೂತು ಹೇಳಿದರು.

ಭಟ್ಟರಿಗೆ ಇವರು ಮೊದಲೇ ವಿಷಯ ತಿಳಿಸಿದ್ದರಂತೆ. ಭಟ್ಟರು ಒಪ್ಪಲಿಲ್ಲ. "ಲಗ್ನದಾಗ ಗೋತ್ರ ಬದಲಾತು, ಹೆಸರೂ ಬದಲಾತು. ತವರಿನ ಹೆಸರಿಗೆ ಈ ಗೋತ್ರದ ನೀರು ಮುಟ್ಟಂಗಿಲ್ಲ. ನಾ ಹೇಳೂದಲ್ಲ, ಶಾಸ್ತ್ರ ಅದ." ಇಬ್ಬರಿಗೂ ಒಂದೇ ಹೆಸರಾದರೆ ಗೊಂದಲವಾಗುವುದಿಲ್ಲವೇ ಎಂದು ಇವರು ಪಟ್ಟು ಹಿಡಿದರು. ಭಟ್ಟರು ಸ್ವಲ್ಪ ಯೋಚಿಸಿ, "ಹಂಗಾದ್ರ ದ್ವಿತೀಯ ಗೋದಾವರಿ ಅಂತ ಹೇಳೋಣ, ಬರೋಬರ್ ಆಗತದ," ಎಂದರಂತೆ. ದ್ವಿತೀಯ ಗೋದಾವರಿಯ ಹೆಸರಿಗೇ ಪಿಂಡ ಇಟ್ಟರು.

ಕಾಗೆ ಮುಟ್ಟಲಿಲ್ಲ. ದಂಡೆಯ ಬೇವಿನ ಗಿಡದ ತುಂಬ ಕಾಗೆಗಳೇ, ಒಂದೂ ಇಳಿಯಲಿಲ್ಲ. ಸತ್ತವರ ಆಸೆ ಉಳಿದಿದ್ದರೆ ಹೀಗಾಗುತ್ತದೆ, ಅದನ್ನು ನಡೆಸಿಕೊಡುತ್ತೇವೆಂದು ಬಾಯಿಬಿಟ್ಟು ಹೇಳಿದರೆ ಕಾಗೆ ಬರುತ್ತದೆ ಎಂದು ನಂಬುತ್ತಾರೆ. ಅಜ್ಜಿಯನ್ನು ನೋಡಿಕೊಳ್ಳುತ್ತೇವೆ ಎಂದರು. ಗಿಡಗಳಿಗೆ ನೀರು ಹಾಕುತ್ತೇವೆ ಎಂದರು. ಕಾಗೆ ಬರಲಿಲ್ಲ. ಭಟ್ಟರೊಡನೆ ನಡೆದ ವಾದ ಕೇಳಿ ಅಲ್ಲಿದ್ದವರಿಗೆಲ್ಲ ಅವರ ಆಸೆ ಏನೆಂದು ಗೊತ್ತಿತ್ತು. ಎಲ್ಲರೂ ರಾಯರ ಮುಖ ನೋಡಿದರು.

"ಬಾಯಿ ತಗದ್ರು," ಎಂದರು ನಮ್ಮವರು. "ತುಟಿ ಅಲುಗಾಡಿದ್ವು. ದನಿ ಬರಲಿಲ್ಲ. ಮತ್ತ ಮತ್ತ ತಗದ್ರು. ಆ ಮನಿಶ್ಯಾಗ ಆಗಲಿಲ್ಲ, ನೋಡಲಿಕ್ಕೆ ಆಗಲಿಲ್ಲ ನನಗ."

ಬಿಸಿಲು ಏರಿತು. ಕಡೆಗೆ ಭಟ್ಟರು ದರ್ಭೆಯಲ್ಲಿ ಒಂದು ಕಾಗೆ ಮಾಡಿ, ಅದರ ಕೊಕ್ಕನ್ನು ಪಿಂಡಕ್ಕೆ ಮುಟ್ಟಿಸಿ, ಆಯಿತೆಂದರು. ಎಲ್ಲರೂ ಸ್ನಾನ ಮಾಡಿ ಮನೆಗೆ ಬಂದರು.

ಪುಷ್ಯದಲ್ಲಿ ಬನದ ಹುಣ್ಣಿಮೆ ಬಂತು. ಬೆಳಿಗ್ಗೆ ಬಾಗಿಲಲ್ಲಿ ಕೆಮ್ಮಿದ ಸಪ್ಪಳವಾಯಿತು. ನೋಡಿದರೆ ರಾಯರು. ಎರಡೂ ಕೈಯಲ್ಲಿ ಚೀಲ. ಬದನೆಕಾಯಿ, ಗಜ್ಜರಿ, ಅವರೆ, ಮೂಲಂಗಿ, ಮೆಂತ್ಯ, ರಾಜಗಿರಿ, ಅಂಬಾಡಿ, ಮಾರುಕಟ್ಟೆಯಲ್ಲಿದ್ದುದನ್ನೆಲ್ಲ ತಂದಿದ್ದರು. ನನ್ನ ಮುಂದೆ ಸುರಿದು ನಿಂತರು. ಅವರಿಗೆ ಆ ದಿನ ಗೊತ್ತಿತ್ತು. ಬಾಜಾರದಾಗ ಸ್ವಸ್ತ ಇತ್ರಿ ಎಂಬ ಮಾತನ್ನು ಇಷ್ಟು ವರ್ಷ ಅವರು ನಂಬಿರಲಿಲ್ಲ, ಸುಮ್ಮನೆ ಉಂಡಿದ್ದರು.

"ತವರಾಗ ಅಕೀನ್ನ ಏನಂತ ಕರೀತಿದ್ರು? ನಿಮಗ ಹೇಳಿದ್ಲೇನು?" ಎಂದರು.

"ಬನೂ ಅಂತಿದ್ರಂತ್ರಿ. ಬನಕ್ಕ ಅಂತ," ಎಂದೆ.

"ಇನ್ನೊಮ್ಮೆ ಹೇಳ್ರಿ."

ಹೇಳಿದೆ. ಮತ್ತೊಮ್ಮೆ ಕೇಳಿದರು, ಮತ್ತೊಮ್ಮೆ ಹೇಳಿದೆ. ತಲೆ ತಗ್ಗಿಸಿ ಕೇಳುತ್ತ ನಿಂತಿದ್ದರು. ತಾವು ಒಂದು ಸಲವೂ ಅನ್ನಲಿಲ್ಲ. ಖಾಲಿ ಚೀಲ ಮಡಚಿ ಬಗಲಲ್ಲಿಟ್ಟುಕೊಂಡು ಚೌಕ ದಾಟಿ ಹೋದರು. ಅವತ್ತು ಅಷ್ಟೂ ಪಲ್ಯ ಮಾಡಿ ಕಳಿಸಿದೆ. ಪಾತೇಲಿ ತಿರುಗಿ ಬಂದಾಗ ಬರಿದಾಗಿತ್ತು, ತಿಕ್ಕಿ ತೊಳೆದಿತ್ತು.

ಮುಂದಿನ ಅವಿಧವಾ ನವಮಿಗೆ ಎರಡು ಎಲೆ ಹಾಕಿದರು. ಎರಡನೆಯ ಗೋದಾವರಿಯ ಎಲೆಗೆ ನನ್ನನ್ನು ಕೂಡ್ರಿಸಿದರು. ಕೂತೆ. ಬೇರೆ ಯಾರೋ ಕೂಡುವುದಕ್ಕಿಂತ ನಾನು ಕೂತರೆ ಅವರಿಗೆ ದಾರಿ ಸಿಕ್ಕೀತೆಂದು ಕೂತೆ, ಮನಸ್ಸಿನಲ್ಲೇ ಕರೆಯುತ್ತ ಉಂಡೆ. ಮುಟ್ಟಿತೋ ಇಲ್ಲವೋ ಯಾರು ಹೇಳಬೇಕು? ಆಮೇಲೆ ನಮಗೆ ವರ್ಗವಾಯಿತು. ಮಗಳು ಹುಟ್ಟಿದಾಗ ಬನಶಂಕರಿ ಎಂದು ಇಡೋಣ ಎಂದೆ. ನಮ್ಮ ಅತ್ತೆಯವರು ತಮ್ಮ ಅತ್ತೆಯ ಹೆಸರಿಟ್ಟರು. ಅಲ್ಲಿಯೂ ನನ್ನದೇನೂ ನಡೆಯಲಿಲ್ಲ.

ನಡೆದದ್ದು ಒಂದೇ ಒಂದು. ಮಗನ ಮದುವೆಯಲ್ಲಿ ಭಟ್ಟರು ಹೆಸರು ಬರೆಸಲು ಅಕ್ಕಿಯ ತಟ್ಟೆ ತಂದಿಟ್ಟಾಗ ನಾನು ಎದ್ದು, ಆ ತಟ್ಟೆಯನ್ನು ಎತ್ತಿಕೊಂಡು ಹೋಗಿ, ಅಕ್ಕಿಯನ್ನು ಅಡಿಗೆಯವರ ಹಂಡೆಗೆ ಸುರಿದುಬಿಟ್ಟೆ. ಬೀಗರು ಗಾಬರಿಯಾದರು. "ವರನ ತಾಯಿಗೆ ಹುಚ್ಚು ಹಿಡದೈತಿ," ಎಂದು ಯಾರೋ ಅಂದರು. ಅನ್ನ ಬೆಂದಿತು, ಎಲ್ಲರೂ ಉಂಡರು. ಸೊಸೆಯನ್ನು ಇವತ್ತಿಗೂ ಅವಳ ತಾಯಿ ಇಟ್ಟ ಹೆಸರಿನಿಂದಲೇ ಕರೆಯುತ್ತೇನೆ. ಅದು ವೈನಿಯ ಋಣ, ಸೊಸೆಗೆ ಗೊತ್ತಿಲ್ಲ.

ಬನದ ಹುಣ್ಣಿಮೆಯ ದಿನ ಈಗಲೂ ಸಿಕ್ಕ ಪಲ್ಯಗಳನ್ನೆಲ್ಲ ಮಾಡುತ್ತೇನೆ. ನೀರು ಬಿಡುವ ಅಧಿಕಾರ ನನಗಿಲ್ಲ. ನಾನು ಮಗಳಲ್ಲ, ತಂಗಿಯಲ್ಲ, ಗೋತ್ರವೂ ಬೇರೆ. ಒಗ್ಗರಣೆಯಲ್ಲಿ ಸಾಸಿವೆ ಸಿಡಿಯುವಾಗ, ಒಲೆಯ ಮುಂದೆ ನಿಂತು, ಒಮ್ಮೆ ಗಟ್ಟಿಯಾಗಿ, "ಬನಕ್ಕಾ, ಉಣ್ಣಲಿಕ್ಕೆ ಬರ್ರಿ," ಎಂದು ಕರೆಯುತ್ತೇನೆ.